ಹಲ್ಲಿಗೂ ಬಿಸಿಲು ಬೇಕು

ಹಲ್ಲಿಯನ್ನು ರೊಕ್ಕ ಕೊಟ್ಟು ಮನೆಗೆ ತರುವವರಿದ್ದಾರೆ ಎಂದರೆ ನಮ್ಮ ಕೃಷ್ಣಾ ಮಂಡಲದಲ್ಲಿ ನಂಬುವವರು ಕಡಿಮೆ. ನಮ್ಮ ಕಡೆ ಹಲ್ಲಿ ಕರೆಯದೆ ಬಂದು ಬಾಡಿಗೆ ಕೊಡದೆ ಇರುವ ಜೀವ. ಟ್ಯೂಬ್‌ಲೈಟಿನ ಪಟ್ಟಿಯ ಹಿಂದೆ ಒಂದು, ದೇವರ ಫೋಟೋದ ಹಿಂದೆ ಒಂದು, ಮೀಟರ್ ಡಬ್ಬಿಯೊಳಗೆ ಒಂದು ಇದ್ದೇ ಇರುತ್ತದೆ. ಸಂಜೆ ದೀಪ ಹಚ್ಚಿದ ಕೂಡಲೆ ಹೊರಗೆ ಬಂದು, ಹುಳ ತಿಂದು, ಬೆಳಗಾಗುವುದರೊಳಗೆ ಮತ್ತೆ ಸಂದಿ ಸೇರುತ್ತದೆ. ಹೊಳಿ ಆಚೆ ಶಕ್ತಿನಗರದ ಕರೆಂಟಿನ ಕಾರ್ಖಾನೆ 1985ರಿಂದ ನಡೆಯುತ್ತಿದೆ, ಅದರ ಚಿಮಣಿ ನಮ್ಮ ದಂಡೆಯಿಂದಲೇ ಕಾಣುತ್ತದೆ. ಊರೂರಿಗೆ ಕರೆಂಟು ಬಂದದ್ದರಿಂದ ಮನುಷ್ಯರಿಗೆ ಎಷ್ಟು ಅನುಕೂಲವಾಯಿತೋ ಹಲ್ಲಿಗಳಿಗೂ ಅಷ್ಟೇ ಆಯಿತು. ಹುಳಗಳು ತಾವಾಗಿ ದೀಪಕ್ಕೆ ಬರುತ್ತವೆ, ಹಲ್ಲಿ ಕೂತಲ್ಲೇ ಉಣ್ಣುತ್ತದೆ.

ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ನಮ್ಮವ್ವ ನೆಲಕ್ಕೆ ಬೆರಳು ಬಡಿದು ‘ಕೃಷ್ಣ ಕೃಷ್ಣ’ ಎನ್ನುತ್ತಿದ್ದಳು. ಪಕ್ಕದ ತೆಲುಗು ಮನೆಯವರು ‘ಬಲ್ಲಿ’ ನುಡಿಯಿತು, ಮಾತು ಸತ್ಯ ಎನ್ನುತ್ತಿದ್ದರು. ತಲೆ ಮೇಲೆ ಬಿದ್ದರೆ ಒಂದು ಫಲ, ಭುಜದ ಮೇಲೆ ಬಿದ್ದರೆ ಇನ್ನೊಂದು ಎಂದು ಪಂಚಾಂಗದಲ್ಲಿ ಪಟ್ಟಿಯೇ ಇರುತ್ತದೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಾನಿಯಲ್ಲಿ ಬಿತ್ತಂತೆ ಎಂದು ಆಡಿಕೊಳ್ಳುವವರೂ ನಾವೇ. ಗದ್ವಾಲದಿಂದ ಮುಂದೆ ಆಲಂಪುರಕ್ಕೆ ಹೋದವರಿಗೆ ಗೊತ್ತು, ಅಲ್ಲಿಯ ಜೋಗುಳಾಂಬೆಯ ತಲೆಯ ಮೇಲೆ ಚೇಳಿನ ಜೊತೆಗೆ ಹಲ್ಲಿಯೂ ಇದೆ. ಮನೆಯಲ್ಲಿ ಜೀವಕಳೆ ಕಡಿಮೆಯಾದಂತೆ ಹಲ್ಲಿ ಹೆಚ್ಚಾಗುತ್ತವೆ, ಆಮೇಲೆ ಚೇಳು ಬರುತ್ತವೆ ಎಂದು ಅದಕ್ಕೆ ಅರ್ಥ ಹೇಳುವುದುಂಟು. (1956ರವರೆಗೆ ಗದ್ವಾಲ, ಆಲಂಪುರ ಎರಡೂ ರಾಯಚೂರು ಜಿಲ್ಲೆಯಲ್ಲೇ ಇದ್ದವು. ಇದು ಮಾತಿಗೆ ಬಂತೆಂದು ಹೇಳಿದೆ.) ನನಗೆ ಆ ಅರ್ಥಕ್ಕಿಂತ ಒಂದು ಸಂಗತಿ ದೊಡ್ಡದೆನಿಸುತ್ತದೆ. ನಾವು ಕಸಬರಿಗೆಯಿಂದ ಓಡಿಸುವ ಜೀವಕ್ಕೆ ಆ ತಾಯಿ ತಲೆಯ ಮೇಲೆ ಜಾಗ ಕೊಟ್ಟಿದ್ದಾಳೆ.

ರೊಕ್ಕ ಕೊಟ್ಟು ತಂದ ಹಲ್ಲಿಯ ವಿಷಯಕ್ಕೆ ಬರುತ್ತೇನೆ. ನನ್ನ ಮಗಳು ಅಳಿಯ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ಡಲ್ಲಾಸ್ ಹತ್ತಿರ ಇದ್ದಾರೆ. ಮೊಮ್ಮಗನಿಗೆ ಹತ್ತು ವರ್ಷ. ನಾಯಿ ಬೇಕೆಂದು ಹಟ ಹಿಡಿದಿದ್ದ. ಬಾಡಿಗೆ ಮನೆಯಲ್ಲಿ ನಾಯಿ ಇಡಲು ಬಿಡುವುದಿಲ್ಲವೆಂದು ತಂದೆ ತಾಯಿ ಒಂದು ಹಲ್ಲಿ ಕೊಡಿಸಿದರು. ಚಿರತೆ ಹಲ್ಲಿ ಅಂತ ಅದಕ್ಕೆ ಹೆಸರು. ಹಳದಿ ಮೈ, ಮೈತುಂಬ ಕಪ್ಪು ಚುಕ್ಕಿ. ಹುಡುಗ ಅದಕ್ಕೆ ‘ಬೂಂದಿ’ ಎಂದು ಹೆಸರಿಟ್ಟ. ಇದರ ಮೂಲ ಅಮೆರಿಕ ಅಲ್ಲವೇ ಅಲ್ಲ. ಅಫ್ಘಾನಿಸ್ತಾನ, ಪಾಕಿಸ್ತಾನ, ನಮ್ಮ ದೇಶದ ವಾಯವ್ಯದ ಕಲ್ಲುಬಯಲು ಇದರ ತವರು. ಇದು ನಮ್ಮ ಗೋಡೆಯ ಹಲ್ಲಿಯ ಹಾಗೆ ಗೋಡೆ ಹತ್ತುವುದಿಲ್ಲ, ಕಾಲಬೆರಳಲ್ಲಿ ಆ ಅಂಟುವ ಪಟ್ಟಿ ಇಲ್ಲ. ಇದಕ್ಕೆ ರೆಪ್ಪೆ ಇದೆ, ಕಣ್ಣು ಮುಚ್ಚಿ ಮಲಗುತ್ತದೆ. ನಮ್ಮ ಗೋಡೆಯ ಹಲ್ಲಿಗೆ ರೆಪ್ಪೆಯೇ ಇಲ್ಲ, ನಾಲಿಗೆಯಿಂದ ಕಣ್ಣು ಒರೆಸಿಕೊಳ್ಳುತ್ತದೆ. ಮೂವತ್ತು ವರ್ಷ ಕನ್ನಡ ಮಾಧ್ಯಮದ ಶಾಲೆಯಲ್ಲಿ ವಿಜ್ಞಾನ ಹೇಳಿದವನಿಗೆ ಹೀಗೆ ವಿವರ ಹೇಳಲು ಒಂದು ನೆಪ ಬೇಕಷ್ಟೇ, ಓದುವವರು ಸಹಿಸಿಕೊಳ್ಳಬೇಕು.

ಏಳೆಂಟು ತಿಂಗಳು ಬೂಂದಿ ಚೆನ್ನಾಗಿಯೇ ಇತ್ತು. ಒಂದು ದಿನ ಫೋನಿನಲ್ಲಿ ಹುಡುಗನ ದನಿ ಸಣ್ಣದಾಗಿತ್ತು.

“ಮುತ್ಯಾ, ಬೂಂದಿ ಉಣ್ಣವಲ್ದು. ಬಾಯಿ ಮೆತ್ತಗ ಆಗೇದ. ಕಾಲು ಸೊಟ್ಟ ಇಡ್ತದ.”

ಮಗಳು ಕ್ಯಾಮೆರಾ ಹತ್ತಿರ ತಂದು ತೋರಿಸಿದಳು. ಮುಂಗಾಲು ಬಿಲ್ಲಿನ ಹಾಗೆ ಬಾಗಿದ್ದವು. ಹೊಟ್ಟೆ ಎತ್ತಿ ನಡೆಯಬೇಕಾದ್ದು ನೆಲಕ್ಕೆ ತಿಕ್ಕಿಕೊಂಡು ಎಳೆಯುತ್ತಿತ್ತು. ಕೆಳದವಡೆ ರಬ್ಬರಿನ ಹಾಗೆ ಬಾಗುತ್ತದೆ ಎಂದು ಅಳಿಯ ಹೇಳಿದರು. ಹಲ್ಲಿ, ಹಾವು ನೋಡುವ ಪಶುವೈದ್ಯರೇ ಅಲ್ಲಿ ಬೇರೆ ಇರುತ್ತಾರೆ. ಎಕ್ಸರೇ ತೆಗೆದರು. ಎಲುಬು ಸುತ್ತಲಿನ ಮಾಂಸದಿಂದ ಬೇರೆಯಾಗಿ ಕಾಣದಷ್ಟು ತೆಳುವಾಗಿದ್ದವು. ಊಟದಲ್ಲಿ ಸುಣ್ಣದ ಅಂಶವೂ ಇಲ್ಲ, ಡಿ ಜೀವಸತ್ವವೂ ಇಲ್ಲ, ಅದರಿಂದ ಬಂದ ರೋಗ ಎಂದರು. ಮಾರಿದ ಅಂಗಡಿಯವರು ‘ಇದು ರಾತ್ರಿ ತಿರುಗುವ ಪ್ರಾಣಿ, ಇದಕ್ಕೆ ದೀಪ ಬೇಕಿಲ್ಲ, ಹಿಟ್ಟಿನ ಹುಳ ಹಾಕಿದರೆ ಸಾಕು’ ಎಂದು ಹೇಳಿ ಕಳಿಸಿದ್ದರಂತೆ. ಆ ಮಾತು ಅರ್ಧ ಖರೆ. ಅರ್ಧ ಖರೆ ಇದ್ದದ್ದಕ್ಕೇ ಕೇಳಿದವರು ನಂಬಿದರು.

ಕಾರಣ ಹೀಗಿದೆ. ಹಿಟ್ಟಿನ ಹುಳದಲ್ಲಿ, ಮಿಡತೆಯ ಜಾತಿಯ ಹುಳದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ದಿನಾ ಅದನ್ನೇ ತಿಂದರೆ ರಕ್ತಕ್ಕೆ ಬೇಕಾದ ಕ್ಯಾಲ್ಸಿಯಂ ಹೊಟ್ಟೆಯಿಂದ ಸಿಗುವುದಿಲ್ಲ. ರಕ್ತಕ್ಕೆ ಕ್ಯಾಲ್ಸಿಯಂ ಇಲ್ಲದೆ ನಡೆಯುವುದಿಲ್ಲ, ಗುಂಡಿಗೆ ಬಡಿಯಲಿಕ್ಕೂ ಅದು ಬೇಕು. ಆಗ ಶರೀರ ತನ್ನ ಎಲುಬನ್ನೇ ಕರಗಿಸಿ ತೆಗೆದುಕೊಳ್ಳುತ್ತದೆ. ಬಿತ್ತನೆಗೆ ಇಟ್ಟ ಜ್ವಾಳ ತೆಗೆದು ರೊಟ್ಟಿ ಮಾಡಿ ತಿಂದ ಹಾಗೆ. ಹೊಟ್ಟೆಗೆ ಬಂದ ಕ್ಯಾಲ್ಸಿಯಂ ಕರುಳಿನಿಂದ ಒಳಗೆ ಇಳಿಯಲಿಕ್ಕೆ ಡಿ ಜೀವಸತ್ವ ಬೇಕು. ಅದು ಎಲ್ಲಿಂದ ಬರಬೇಕು? ಚರ್ಮದಲ್ಲಿ ಒಂದು ಕೊಬ್ಬಿನ ಜಾತಿಯ ವಸ್ತು ಇದೆ. ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ನೇರಿಳಾತೀತ ಕಿರಣಗಳಲ್ಲಿ ‘ಬಿ’ ಎಂಬ ಪಾಲು ಅದಕ್ಕೆ ತಾಗಿದರೆ ಅದು ಬದಲಾಗಿ, ಮೈಯ ಶಾಖಕ್ಕೆ ಡಿ3 ಆಗುತ್ತದೆ. ಆಮೇಲೆ ಯಕೃತ್ತಿನಲ್ಲಿ ಒಂದು ಬದಲಾವಣೆ, ಮೂತ್ರಪಿಂಡದಲ್ಲಿ ಇನ್ನೊಂದು, ಆಮೇಲೆ ಅದು ಕೆಲಸಕ್ಕೆ ಬರುತ್ತದೆ. ಹಲ್ಲಿಗೂ ಇದೇ ದಾರಿ, ನಮಗೂ ಇದೇ ದಾರಿ.

ಬೂಂದಿಯ ಪೆಟ್ಟಿಗೆ ಕಿಟಕಿಯ ಹತ್ತಿರವೇ ಇತ್ತು. ಬಿಸಿಲು ಬೀಳುತ್ತಿತ್ತಲ್ಲ ಎಂದು ಮಗಳು ಕೇಳಿದಳು. ಕಿಟಕಿಯ ಗಾಜು ಬೆಳಕು ಬಿಡುತ್ತದೆ, ಶಾಖ ಬಿಡುತ್ತದೆ, ಆ ‘ಬಿ’ ಕಿರಣವನ್ನು ಮಾತ್ರ ಬಿಡುವುದಿಲ್ಲ. ಗಾಜಿನ ಹಿಂದೆ ದಿನವಿಡೀ ಕೂತರೂ ಬೆವರು ಬಂದೀತು, ಡಿ ಬರುವುದಿಲ್ಲ. ಮನೆಯ ಟ್ಯೂಬ್‌ಲೈಟೂ ಹಾಗೇ. ತಮಾಷೆ ಎಂದರೆ, ಟ್ಯೂಬಿನ ಒಳಗೆ ಪಾದರಸದ ಆವಿ ಹೊರಡಿಸುವುದು ನೇರಿಳಾತೀತ ಕಿರಣವನ್ನೇ. ಒಳಗೋಡೆಗೆ ಬಳಿದ ಬಿಳಿ ಪುಡಿ ಅದನ್ನು ನುಂಗಿ ಕಣ್ಣಿಗೆ ಕಾಣುವ ಬೆಳಕು ಮಾಡಿ ಕೊಡುತ್ತದೆ, ಉಳಿದದ್ದನ್ನು ಗಾಜು ತಡೆಯುತ್ತದೆ. ಹಲ್ಲಿ ಸಾಕುವವರಿಗೆಂದು ಮಾರುವ ದೀಪದಲ್ಲಿ ಪುಡಿಯೂ ಬೇರೆ, ಗಾಜೂ ಬೇರೆ. ಅದಕ್ಕೆ ಆ ಕಿರಣ ಹೊರಗೆ ಬರುತ್ತದೆ. ಎಲ್‌ಇಡಿ ಬಲ್ಬಿನಲ್ಲಿ ಅದು ಇಲ್ಲ.

ವೈದ್ಯರು ಆ ದೀಪ ಹಾಕಿಸಿದರು. ಅದರದೂ ಒಂದು ಲೆಕ್ಕ ಇದೆ. ದೀಪ ಉರಿಯುತ್ತಿದ್ದರೂ ಆ ಕಿರಣ ಆರರಿಂದ ಹನ್ನೆರಡು ತಿಂಗಳೊಳಗೆ ಕಡಿಮೆಯಾಗುತ್ತ ಹೋಗುತ್ತದೆ. ಕಣ್ಣಿಗೆ ಮೊದಲಿನ ಹಾಗೇ ಬೆಳಕು, ಒಳಗೆ ಕಸುವಿಲ್ಲ. ನಡುವೆ ಗಾಜು ಇಡಬಾರದು, ಸಣ್ಣ ಜಾಲರಿ ಇದ್ದರೂ ಸ್ವಲ್ಪ ತಡೆಯುತ್ತದೆ. ಬಹಳ ಹತ್ತಿರ ಇಟ್ಟರೆ ಚರ್ಮ, ಕಣ್ಣು ಸುಡುತ್ತದೆ. ಅಡಗಿ ಕೂಡಲು ನೆರಳೂ ಇರಬೇಕು, ಎಷ್ಟು ಬೇಕೋ ಅಷ್ಟು ಬಿಸಿಲು ಹಲ್ಲಿಯೇ ಆರಿಸಿಕೊಳ್ಳುತ್ತದೆ. ಪೆಟ್ಟಿಗೆಯ ಒಂದು ಬದಿ ನೆಲ 32 ಡಿಗ್ರಿಯಷ್ಟು ಬೆಚ್ಚಗೆ ಇರಬೇಕು, ಇಲ್ಲದಿದ್ದರೆ ತಿಂದದ್ದು ಅರಗುವುದಿಲ್ಲ. ಹುಳಕ್ಕೆ ಕ್ಯಾಲ್ಸಿಯಂ ಪುಡಿ ಹಚ್ಚಿ ಹಾಕಬೇಕು. ಮಿರ್ಚಿಯನ್ನು ಹಿಟ್ಟಿನಲ್ಲಿ ಹೊರಳಿಸಿದ ಹಾಗೆ ಡಬ್ಬಿಯಲ್ಲಿ ಹುಳ, ಪುಡಿ ಹಾಕಿ ಕುಲುಕುತ್ತಾರೆ. ಹುಳಕ್ಕೂ ಮೊದಲು ಒಳ್ಳೆಯ ಸೊಪ್ಪು, ಗಜ್ಜರಿ ತಿನ್ನಿಸಬೇಕು. ಹುಳದ ಹೊಟ್ಟೆಯಲ್ಲಿದ್ದದ್ದೇ ಹಲ್ಲಿಯ ಊಟ. ನನ್ನ ಹೆಂಡತಿ ಇದನ್ನೆಲ್ಲ ಕೇಳಿ, “ಹುಳಕ್ಕ ಗಜ್ಜರಿ ತಿನಸ್ತಾರಂತ, ನಮ್ಮ ಮಕ್ಕಳಿಗೆ ಯಾರು ತಿನಸ್ಯಾರ?” ಎಂದಳು.

ಬೂಂದಿಗೆ ಬಾಯಿ ತೆರೆದು ಔಷಧದ ಹನಿ ಹಾಕುವುದು ಹುಡುಗನ ಪಾಲಿಗೆ ಬಂತು. ದವಡೆ ಮುರಿದೀತೆಂಬ ಹೆದರಿಕೆ. ಅದಕ್ಕೆ ತುಟಿಯ ಮೇಲೆ ಹನಿ ಇಟ್ಟು ಅದು ತಾನೇ ನೆಕ್ಕುವವರೆಗೆ ಕಾಯುತ್ತಿದ್ದನಂತೆ. ದಿನಾ ಶಾಲೆಗೆ ಹೋಗುವ ಮೊದಲು ಒಮ್ಮೆ, ಮಲಗುವ ಮೊದಲು ಒಮ್ಮೆ. ಒಂದು ವಾರ ಅವನು ಫೋನಿಗೆ ಬರಲಿಲ್ಲ. ಬದುಕುತ್ತದೋ ಇಲ್ಲವೋ ಎಂದು ನಾನೂ ಕೇಳಲಿಲ್ಲ. ಕೇಳಿದರೆ ಅವನು ಉತ್ತರ ಹೇಳಬೇಕಾಗುತ್ತಿತ್ತಲ್ಲ.

ಎರಡನೆಯ ವಾರ ತಾನಾಗಿ ಬಂದ. ಬಂದವನು ಕೇಳಿದ ಪ್ರಶ್ನೆ ಇದು. “ಮುತ್ಯಾ, ನಿಮ್ಮನಿ ಹಲ್ಲಿಗೆ ಯಾರು ಪುಡಿ ಹಾಕ್ತಾರ?”

ಯಾರೂ ಹಾಕುವುದಿಲ್ಲ. ಅದಕ್ಕೆ ಬೇಕಾದದ್ದನ್ನು ಅದೇ ನೋಡಿಕೊಳ್ಳುತ್ತದೆ. ಒಂದೇ ಜಾತಿಯ ಹುಳ ತಿನ್ನುವುದಿಲ್ಲ, ಸೊಳ್ಳೆ, ಪತಂಗ, ಜಿರಳೆಮರಿ, ಜೇಡ, ಗೆದ್ದಲಿನ ರೆಕ್ಕೆಹುಳ ಎಲ್ಲ ತಿನ್ನುತ್ತದೆ. ಇನ್ನು ಬಿಸಿಲು. ಟೆಕ್ಸಾಸಿನ ಗೋಡೆಗಳ ಮೇಲೂ ಒಂದು ಹಲ್ಲಿ ಇದೆ, ಮೆಡಿಟರೇನಿಯನ್ ಕಡೆಯಿಂದ ಹಡಗಿನ ಸಾಮಾನಿನ ಜೊತೆ ಅಮೆರಿಕಕ್ಕೆ ಹೋದದ್ದು. ನಮ್ಮ ಮನೆಹಲ್ಲಿಯ ಕುಲವೇ, ಹೆಮಿಡ್ಯಾಕ್ಟೈಲಸ್ ಎಂದು ಕುಲದ ಹೆಸರು. ಆ ಹಲ್ಲಿಯ ಚರ್ಮವನ್ನೂ, ಹಗಲು ಬಿಸಿಲು ಕಾಯಿಸುವ ಅಲ್ಲಿಯ ಒಂದು ಓತಿಕ್ಯಾತದ ಚರ್ಮವನ್ನೂ ವಿಜ್ಞಾನಿಗಳು ಹೋಲಿಸಿ ನೋಡಿ 2000ನೇ ಇಸವಿಯಲ್ಲಿ ಪ್ರಕಟಿಸಿದರು. ರಾತ್ರಿ ತಿರುಗುವ ಹಲ್ಲಿಯ ಚರ್ಮವೇ ಕಡಿಮೆ ಕಿರಣದಲ್ಲಿ ಹೆಚ್ಚು ಚುರುಕಾಗಿ ಡಿ ತಯಾರಿಸುತ್ತದೆ ಎಂದು ಕಂಡಿತು. ಸಂದಿಯಲ್ಲಿ ಕೂತಾಗ ಬೀಳುವ ಚೂರು ಬಿಸಿಲು, ಸಂಜೆ ಸ್ವಲ್ಪ ಬೇಗ ಹೊರಬಿದ್ದಾಗ ಸಿಗುವ ಬೆಳಕು ಅದಕ್ಕೆ ಉಪಯೋಗಕ್ಕೆ ಬರುತ್ತದೆ. ಬಡವನ ಕೈಯಲ್ಲಿ ರೂಪಾಯಿ ಹೆಚ್ಚು ದಿನ ಬರುವುದಿಲ್ಲವೇ, ಹಾಗೆ. ಆದರೆ ಚೂರೂ ಇಲ್ಲದಿದ್ದರೆ ಯಾವ ಚುರುಕಿನ ಚರ್ಮವೂ ಏನು ಮಾಡೀತು? ಬೂಂದಿಗೆ ಆದದ್ದು ಅದೇ.

ಇಷ್ಟೇ ಆಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ನಮ್ಮ ಅಕ್ಕನ ವಿಷಯ ಇದೆ.

ಅಕ್ಕನನ್ನು ನಾರಾಯಣಪೇಟೆಗೆ ಕೊಟ್ಟಿದೆ. ಮಗ್ಗದ ಮನೆ. ನಾರಾಯಣಪೇಟೆ ಸೀರೆ ಉಟ್ಟವರು ಬಹಳ, ಅದನ್ನು ನೇಯುವ ಜಾಗ ನೋಡಿದವರು ಕಡಿಮೆ. ನೆಲದಲ್ಲಿ ಕುಣಿ ತೋಡಿ ಅದರೊಳಗೆ ಕಾಲು ಇಳಿಬಿಟ್ಟು ಕೂಡುತ್ತಾರೆ, ತುಳಿಗೆ ಕುಣಿಯಲ್ಲಿರುತ್ತದೆ. ಎಂಟು ಸೀರೆಯ ಹಾಸು ಒಮ್ಮೆಗೇ ಏರಿಸುತ್ತಾರೆ, 56 ಗಜ. ಅದು ಮುಗಿಯುವವರೆಗೆ ಮೈ ಅಲ್ಲೇ. ಬಿಸಿಲು ಬಿದ್ದರೆ ಬಣ್ಣ ಹೋಗುತ್ತದೆ, ನೂಲು ಒಣಗಿ ಹರಿಯುತ್ತದೆ ಎಂದು ಕೋಣೆ ತಂಪಾಗಿ, ಮಬ್ಬಾಗಿ ಇಟ್ಟಿರುತ್ತಾರೆ. ಮೇಲೆ ಒಂದು ಟ್ಯೂಬ್‌ಲೈಟು. ಅಕ್ಕ ಮದುವೆಯಾದಾಗಿನಿಂದ ಕಂಡಿಕೆ ಸುತ್ತುವುದು, ಮಾವನ ಕಣ್ಣು ಮಂದಾದ ಮೇಲೆ ತಾನೇ ಕುಣಿಗೆ ಇಳಿದು ನೇಯುವುದು ಮಾಡಿಕೊಂಡು ಬಂದವಳು. ಬೆಳಿಗ್ಗೆ ಬಿಸಿಲೇರುವ ಮುಂಚೆ ನೀರು, ಕಸ. ಬಿಸಿಲಾದ ಮೇಲೆ ಒಳಗೆ. ಹೊರಗೆ ಹೊರಟರೆ ಸೆರಗು ತಲೆ ಮೇಲೆ, ಮೈತುಂಬ ಬಟ್ಟೆ.

ನಾಲ್ಕು ವರ್ಷದಿಂದ ಅವಳಿಗೆ ತೊಡೆ ನೋವು, ಸೊಂಟ ನೋವು. ಕುಣಿಯಿಂದ ಏಳಬೇಕಾದರೆ ಎರಡೂ ಕೈ ಊರಿ ಏಳುತ್ತಿದ್ದಳು. ಬಾತುಕೋಳಿಯ ಹಾಗೆ ಅತ್ತಿತ್ತ ವಾಲಿ ನಡೆಯುತ್ತಿದ್ದಳು. ವಾತ ಎಂದರು, ವಯಸ್ಸು ಎಂದರು. ಒಂದು ದವಾಖಾನಿಯಲ್ಲಿ ನೋವಿನ ಗುಳಿಗೆ ಎರಡು ವರ್ಷ ನುಂಗಿಸಿದರು, ನೋವು ಹೋಗಲಿಲ್ಲ, ಹೊಟ್ಟೆ ಉರಿ ಬಂತು. ಮಗ್ಗ ನಿಂತರೆ ಮನೆಗೆ ಬರುವುದು ನಿಲ್ಲುತ್ತದೆ ಎಂದು ಅಕ್ಕ ನೋವನ್ನು ಹೇಳಿಕೊಳ್ಳುವುದನ್ನೇ ಬಿಟ್ಟಿದ್ದಳು. ಉಗಾದಿಗೆ ಹೋದಾಗ ಅವಳು ಹೊಸ್ತಿಲು ದಾಟುವುದನ್ನು ನೋಡಿದೆ. ಬೂಂದಿ ಹೊಟ್ಟೆ ಎಳೆದುಕೊಂಡು ಹೋಗುತ್ತಿದ್ದುದು ಕಣ್ಣಿಗೆ ಬಂತು. ಅಕ್ಕನ ಮುಂದೆ ಇದನ್ನು ಹೇಗೆ ಹೇಳುವುದು?

“ಅಕ್ಕಾ, ಒಂದು ರಕ್ತ ಪರೀಕ್ಷಾ ಮಾಡಿಸೋಣು,” ಎಂದೆ.

“ಎಷ್ಟು ಸಲ ಮಾಡಿಸ್ಯಾರೋ ಯಪ್ಪಾ. ಸಕ್ಕರಿ ಇಲ್ಲ, ಬಿಪಿ ಇಲ್ಲ. ನಾ ಏನು ಸಾಯಂಗಿಲ್ಲ ಬಿಡು.”

“ಇದು ಬ್ಯಾರೆ. ಬಿಸಿಲಿನ ಪರೀಕ್ಷಾ.”

ಕೂತವರೆಲ್ಲ ನಕ್ಕರು. ಬೇಸಿಗೆಯಲ್ಲಿ ಹಂಚಿನ ಮೇಲೆ ಕೂತ ಹಾಗೆ ಕಾಯುವ ಊರಿನಲ್ಲಿ ಬಿಸಿಲಿನ ಕೊರತೆ ಎಂದರೆ ಯಾರಿಗಾದರೂ ನಗು ಬರುತ್ತದೆ. ಕಡೆಗೆ ಭಾವನವರ ಒತ್ತಾಯಕ್ಕೆ ಬಂದಳು. ಬೇರೆ ಡಾಕ್ಟರು ನೋಡಿ, ತೊಡೆ ಎಲುಬು ಒತ್ತಿ, ನಡೆಯಲು ಹೇಳಿ, ಪರೀಕ್ಷೆ ಬರೆದರು. ಡಿ ಜೀವಸತ್ವ 7 ಇತ್ತು. 20ಕ್ಕಿಂತ ಕೆಳಗಿದ್ದರೆ ಕೊರತೆ ಎನ್ನುತ್ತಾರೆ. ಎಲುಬು ಮೆತ್ತಗಾಗುವ ರೋಗ ಎಂದರು. ಮಕ್ಕಳಲ್ಲಿ ಇದೇ ಕಾಲು ಬಾಗಿಸುತ್ತದೆ, ಅದಕ್ಕೆ ರಿಕೆಟ್ಸ್ ಎಂದು ಹೆಸರು. ದೊಡ್ಡವರಲ್ಲಿ ಕಾಲು ಅಷ್ಟು ಬಾಗುವುದಿಲ್ಲ, ನೋಯುತ್ತದೆ, ಸೋಲುತ್ತದೆ. ವಾರಕ್ಕೊಂದು 60,000 ಯೂನಿಟ್ಟಿನ ಪುಡಿ ಹಾಲಿನಲ್ಲಿ ಎಂಟು ವಾರ, ದಿನಾ ಕ್ಯಾಲ್ಸಿಯಂ ಗುಳಿಗೆ, ಆಮೇಲೆ ಮತ್ತೆ ಪರೀಕ್ಷೆ.

ಅಕ್ಕನಿಗೆ ಬೂಂದಿಯ ಕತೆ ಆಮೇಲೆ ಹೇಳಿದೆ. ಕೇಳಿ ಸಿಟ್ಟಾಗಲಿಲ್ಲ. “ಅದಕ್ಕ ಲೈಟ್ ಹಾಕಿಸ್ಯಾರಂತ, ನನಗೂ ಮಗ್ಗದ ಮ್ಯಾಲ ಹಾಕಿಸ್ತೀಯೇನು?” ಎಂದಳು. ಹಾಗೆ ಹಾಕಿಸಿದ್ದೂ ಇದೆ. ಮೊದಲ ಮಹಾಯುದ್ಧ ಮುಗಿದ ಚಳಿಗಾಲದಲ್ಲಿ ಬರ್ಲಿನ್ನಿನಲ್ಲಿ ಕುರ್ಟ್ ಹುಲ್ಡ್‌ಶಿನ್‌ಸ್ಕಿ ಎಂಬ ಮಕ್ಕಳ ಡಾಕ್ಟರು ಕಾಲು ಬಾಗಿದ ಮಕ್ಕಳನ್ನು ಪಾದರಸದ ದೀಪದ ಕೆಳಗೆ ಮಲಗಿಸಿ ಗುಣಮಾಡಿ 1919ರಲ್ಲಿ ಪ್ರಕಟಿಸಿದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಎಡ್ವರ್ಡ್ ಮೆಲನ್ಬಿ ನಾಯಿಮರಿಗಳಿಗೆ ಮೀನೆಣ್ಣೆ ಕುಡಿಸಿ ಅದೇ ರೋಗ ತಡೆಯಬಹುದೆಂದು ತೋರಿಸಿದರು. ಒಂದು ದೀಪ, ಒಂದು ಎಣ್ಣೆ. ಎರಡರಲ್ಲೂ ಇದ್ದದ್ದು ಒಂದೇ ಎಂಬುದು ತಿಳಿಯಲು ಮುಂದೆ ಕೆಲವು ವರ್ಷ ಹಿಡಿಯಿತು. ಹಲ್ಲಿಯ ಪೆಟ್ಟಿಗೆಯ ಮೇಲೆ ಇವತ್ತು ಉರಿಯುವ ದೀಪ ಬರ್ಲಿನ್ನಿನ ಆ ದೀಪದ ಮೊಮ್ಮಗ.

ಅಕ್ಕನಿಗೆ ದೀಪ ಬೇಕಿಲ್ಲ, ಅಂಗಳವಿದೆ. ಆದರೆ ಯಾವಾಗ ಕೂಡಬೇಕು ಎನ್ನುವುದರಲ್ಲಿ ನಮ್ಮವರದು ಒಂದು ನಂಬಿಕೆ, ಎಳೆಬಿಸಿಲೇ ಒಳ್ಳೆಯದು ಎಂದು. ಎಳೆಬಿಸಿಲು ಹಿತ, ಖರೆ. ಆದರೆ ಸೂರ್ಯ ಓರೆಯಾಗಿದ್ದಾಗ ಆ ಕಿರಣ ಗಾಳಿಯಲ್ಲೇ ಸೋಸಿಹೋಗುತ್ತದೆ, ನೆಲಕ್ಕೆ ಬರುವುದು ಬಹಳ ಕಡಿಮೆ. ನಮ್ಮ ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡ ಇರುವಾಗಿನ ಬಿಸಿಲಿನಲ್ಲಿ ಅದು ಇರುತ್ತದೆ. ಶಾಲೆಯ ಮಾಸ್ತರರಿಗೆ ಇದು ಒಳ್ಳೆಯ ಪಾಠ, ಒಂದು ಕೋಲು, ಒಂದು ಹಗ್ಗ ಇದ್ದರೆ ಸಾಕು. ನಮ್ಮ ಮುಡುಮಾಲದ ನಿಲುಗಲ್ಲುಗಳನ್ನು ಮೂರು ಸಾವಿರ ವರ್ಷಕ್ಕೂ ಹಿಂದಿನವರು ಸೂರ್ಯ ಹುಟ್ಟುವ ಮುಳುಗುವ ದಿಕ್ಕು ನೋಡಿ ನಿಲ್ಲಿಸಿದ್ದಾರೆ ಎಂದು ಸಂಶೋಧಕರು ಹೇಳುತ್ತಾರೆ. 2025ರಲ್ಲಿ ಅವು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿದವು. ಊರವರು ಅವನ್ನು ನಿಲುರಾಳ್ಳ ತಿಮ್ಮಪ್ಪ ಎಂದು ಕೈ ಮುಗಿಯುತ್ತಾರೆ. ಮಕ್ಕಳನ್ನು ಅಲ್ಲಿಗೇ ಕರೆದುಕೊಂಡು ಹೋಗಿ ನೆರಳು ಅಳೆಯಿಸಿದರೆ ಇನ್ನೂ ಒಳ್ಳೆಯದು. ಕಪ್ಪು ಮೈಬಣ್ಣದವರಿಗೆ ಸ್ವಲ್ಪ ಹೆಚ್ಚು ಹೊತ್ತು ಬೇಕು, ಏಕೆಂದರೆ ಬಣ್ಣವೇ ಕೊಡೆ. ಹಾಗೆಂದು ಮೇ ತಿಂಗಳ ನಡುಹಗಲಿನಲ್ಲಿ ಗಂಟೆಗಟ್ಟಲೆ ಕೂತು ಬಿಸಿಲು ಬಡಿಸಿಕೊಳ್ಳಬಾರದು. ಕೈ, ತೋಳು, ಮೊಣಕಾಲ ಕೆಳಗೆ ಬಿಸಿಲಿಗೆ ಬಿಟ್ಟು ಸ್ವಲ್ಪ ಹೊತ್ತು ಕೂತರೆ ಆಯಿತು.

ಮೂರು ತಿಂಗಳಿಗೆ ಅಕ್ಕ ಕೈ ಊರದೆ ಎದ್ದಳು. ಓಣಿಯಲ್ಲಿ ಸುದ್ದಿ ಹಬ್ಬಿತು. ಆಗ ಬೇರೆ ತಾಪತ್ರಯ ಶುರುವಾಯಿತು. ನೋವಿದ್ದವರು ಇಲ್ಲದವರು ಎಲ್ಲ ಮೆಡಿಕಲ್ ಅಂಗಡಿಗೆ ಹೋಗಿ ಅದೇ ಪುಡಿ ತಂದರು. ಒಬ್ಬಾಕೆ ವಾರಕ್ಕೊಂದು ಕಡಿಮೆಯಾಯಿತೆಂದು ದಿನಾ ಒಂದು ತೆಗೆದುಕೊಳ್ಳುತ್ತಿದ್ದಾಳೆ ಎಂದು ಕೇಳಿ ಮತ್ತೆ ನಾರಾಯಣಪೇಟೆಗೆ ಹೋಗಿ ಜಗಳ ಮಾಡಿ ಬಂದೆ. ನಿಂಬೆಹಣ್ಣಿನ ಸಿ ಜೀವಸತ್ವ ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ. ಡಿ ಹಾಗಲ್ಲ, ಕೊಬ್ಬಿನಲ್ಲಿ ಕೂಡುತ್ತದೆ. ಹೆಚ್ಚಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡ ಕೆಡುತ್ತದೆ. ಹಲ್ಲಿಗೂ ಇದೇ ನಿಯಮ. ಡಿ3 ಇದ್ದ ಪುಡಿ ವಾರಕ್ಕೆ ಒಂದೆರಡು ಸಲ ಮಾತ್ರ, ಉಳಿದ ದಿನ ಬರೀ ಕ್ಯಾಲ್ಸಿಯಂ ಎಂದು ಬೂಂದಿಯ ಡಾಕ್ಟರು ಬರೆದು ಕೊಟ್ಟಿದ್ದಾರೆ. ಅತಿಯಾದರೆ ಗುಂಡಿಗೆ, ರಕ್ತನಾಳದಲ್ಲೆಲ್ಲ ಸುಣ್ಣ ಕೂಡುತ್ತದೆ. ಬಿಸಿಲಿನಿಂದ ತಯಾರಾಗುವ ಡಿ ಮಾತ್ರ ವಿಷವಾಗುವುದಿಲ್ಲ, ಹೆಚ್ಚಾದದ್ದನ್ನು ಬಿಸಿಲೇ ಒಡೆದು ಹಾಕುತ್ತದೆ.

ಎ ಜೀವಸತ್ವವೂ ಕೊಬ್ಬಿನಲ್ಲಿ ಕೂಡುವ ಜಾತಿಯದೇ. ಅದು ಕಡಿಮೆಯಾದರೆ ಬೂಂದಿಯಂಥ ಹಲ್ಲಿಗೆ ಕಣ್ಣಿನ ಸುತ್ತ ಪೊರೆ ಬಿಡದೆ ಅಂಟಿಕೊಂಡು ಕಣ್ಣು ಬಾಯುತ್ತದೆ. ನಮ್ಮ ಮಕ್ಕಳಿಗೆ ಇರುಳುಗಣ್ಣು ಬರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಮಾಡಿದ ಕೆಲಸದ ಆಧಾರದ ಮೇಲೆ 1970ರಲ್ಲಿ ಮಕ್ಕಳಿಗೆ ಎ ಜೀವಸತ್ವದ ದ್ರಾವಣ ಕುಡಿಸುವ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು. ಒಂಬತ್ತು ತಿಂಗಳಿಗೆ 1 ಲಕ್ಷ ಯೂನಿಟ್, ಆಮೇಲೆ ಆರು ತಿಂಗಳಿಗೊಮ್ಮೆ 2 ಲಕ್ಷ, ಐದು ವರ್ಷದವರೆಗೆ. ಅಂಗನವಾಡಿಯಲ್ಲಿ ಚಮಚೆಯಲ್ಲಿ ಕುಡಿಸುವ ಆ ಹಳದಿ ಎಣ್ಣೆ ಇದೇ. ‘ಒಮ್ಮೆ ಕುಡಿಸಿದ್ದೇವಲ್ಲ’ ಎಂದು ತಾಯಂದಿರು ಮುಂದಿನ ಸಲ ಬಿಡುತ್ತಾರೆ, ಬಿಡಬಾರದು.

ಇನ್ನೊಂದು ಮಾತು ಮಾಸ್ತರರಿಗೆ. ಹಲ್ಲಿ ಬಿದ್ದ ಸಾರು ವಿಷ ಎಂದು ಶಾಲೆಗಳಲ್ಲಿ ಗದ್ದಲವಾಗುತ್ತದೆ. ನಮ್ಮ ಮನೆಹಲ್ಲಿಗೆ ವಿಷದ ಗ್ರಂಥಿ ಇಲ್ಲ. ಆದರೆ ಅದರ ಹಿಕ್ಕೆಯಲ್ಲಿ ಭೇದಿ ತರುವ ಸಾಲ್ಮೊನೆಲ್ಲಾ ರೋಗಾಣು ಇರಬಹುದು. ಆ ಅಡಿಗೆ ಚೆಲ್ಲುವುದೇ ಸರಿ, ಹೆದರಿ ಮಕ್ಕಳನ್ನೂ ಹೆದರಿಸುವುದು ಸರಿಯಲ್ಲ. ಮೊಮ್ಮಗನಿಗೂ ಬೂಂದಿ ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯುವ ಕಟ್ಟಳೆ ಇದೆ. ಮುತ್ತು ಕೊಡುವುದು ಪೂರ್ತಿ ಬಂದ್.

ಬೂಂದಿ ಬದುಕಿತು. ಈಗ ಹುಳ ಬೆನ್ನಟ್ಟಿ ಹಿಡಿಯುತ್ತದೆ, ಬಾಲ ಮತ್ತೆ ದಪ್ಪಗಾಗಿದೆ; ಅದರ ಬಾಲವೇ ಅದರ ಕಣಜ. ಬಾಗಿದ ಮುಂಗಾಲು ಹಾಗೇ ಉಳಿದಿವೆ, ಕೆಳದವಡೆ ಒಂದು ಬದಿಗೆ ಸೊಟ್ಟ. ಎಲುಬು ಗಟ್ಟಿಯಾಗುತ್ತದೆ, ನೆಟ್ಟಗಾಗುವುದಿಲ್ಲ ಎಂದರಂತೆ. ಅಕ್ಕನ ನಡಿಗೆಯಲ್ಲೂ ಒಂದು ಸಣ್ಣ ವಾಲು ಉಳಿದಿದೆ. ಮಗ್ಗ ಬಿಟ್ಟಿಲ್ಲ. ಹನ್ನೊಂದರ ಹೊತ್ತಿಗೆ ಕಂಡಿಕೆಯ ಬುಟ್ಟಿ ಅಂಗಳಕ್ಕೆ ತಂದು ಸೆರಗು ಜಾರಿಸಿ ಕೂಡುತ್ತಾಳೆ. ಸೊಸೆಯನ್ನೂ ಕೂಡಿಸುತ್ತಾಳೆ, ಸೊಸೆಗೆ ಮೈಬಣ್ಣ ಕಪ್ಪಾಗುತ್ತದೆಂದು ಬೇಸರ.

ಹುಡುಗನಿಗೆ ಈಗ ನಮ್ಮ ಮನೆಯ ಹಲ್ಲಿಗಳ ಹುಚ್ಚು. ಹೆಣ್ಣುಹಲ್ಲಿಯ ಕುತ್ತಿಗೆಯ ಎರಡೂ ಬದಿ ಬಿಳಿ ಉಬ್ಬು ಇರುತ್ತದಂತೆ, ಮೊಟ್ಟೆಯ ಚಿಪ್ಪಿಗೆ ಬೇಕಾದ ಸುಣ್ಣದ ಚೀಲ ಅದು, ನೋಡಿ ಹೇಳು ಎಂದ. ಅವನ ಬೂಂದಿಯ ಜಾತಿ ಮೆತ್ತನೆ ಮೊಟ್ಟೆ ಇಡುತ್ತದೆ, ನಮ್ಮದು ಗಟ್ಟಿ ಚಿಪ್ಪಿನದು. ಬ್ಯಾಟರಿ ಹಿಡಿದು ಮೂರು ರಾತ್ರಿ ನೋಡಿದೆ. ಒಂದರ ಕುತ್ತಿಗೆಯಲ್ಲಿ ಅಕ್ಕಿಕಾಳಿನಷ್ಟು ಬಿಳಿ ಕಂಡಿತು, ಹೊಟ್ಟೆಯ ತೆಳು ಚರ್ಮದೊಳಗೆ ಎರಡು ಮೊಟ್ಟೆಯೂ ಕಂಡವು. ವಾರದ ನಂತರ ಅವು ಪಡಸಾಲೆಯ ಗಡಿಯಾರದ ಹಿಂದೆ ಸಿಕ್ಕವು. ಮರಿ ಬರಲು ಒಂದೂವರೆ ಎರಡು ತಿಂಗಳು ಬೇಕು. ಅಲ್ಲಿಯವರೆಗೆ ಗಡಿಯಾರ ಮುಟ್ಟಬಾರದೆಂದು ಡಲ್ಲಾಸಿನಿಂದ ಹುಕುಂ ಆಗಿದೆ. ನಿನ್ನೆ ಅದರ ಸೆಲ್ ತೀರಿ ನಾಲ್ಕೂ ಹತ್ತಕ್ಕೆ ನಿಂತಿದೆ. ಬಂದವರೆಲ್ಲ ಟೈಮ್ ತಪ್ಪು ತೋರಿಸ್ತದಲ್ರಿ ಮಾಸ್ತರ್ರೇ ಎಂದು ಕೇಳಿ ಹೋಗುತ್ತಿದ್ದಾರೆ.